‘ಚಿಂತೆ ಮಾಡಬೇಡ’ ಅಂದವರು ಮಗ್ಗವನ್ನೂ ಹಾಕಿಕೊಟ್ಟರು

ಹೋದ ವಾರದ ಮಾತನ್ನು ಬರಹದಲ್ಲಿ ಕೊಡಿ, ವಿಡಿಯೋ ನೋಡೋಷ್ಟು ಪುರುಸೊತ್ತಿಲ್ಲ ಅಂತ ಕೆಲವರು ಕೇಳಿದ್ರಿ. ಅದಕ್ಕೇ ಇದು. ಮಾತಾಡುವಾಗ ಹಿಂದೆ ಮುಂದೆ ಆಗಿದ್ದನ್ನು ಸರಿ ಮಾಡಿದ್ದೇನೆ, ಅಷ್ಟೇ.

ಮೊದಲು ನನ್ನ ಕತೆ, ಚಿಕ್ಕದಾಗಿ. ನಾನು ಮಂಗಳೂರಿನವನು. ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದು ಒಂಬತ್ತು ವರ್ಷ ಆಯ್ತು. ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲಿ ಮನೆ, ಹೈಟೆಕ್ ಸಿಟಿಯಲ್ಲಿ ಕೆಲಸ. ಎರಡು ವರ್ಷದ ಹಿಂದೆ ನಮ್ಮ ಟೀಮಿನ ಹನ್ನೊಂದು ಜನರಲ್ಲಿ ನಾಲ್ವರನ್ನು ಒಂದೇ ಮಧ್ಯಾಹ್ನ ಮನೆಗೆ ಕಳಿಸಿದರು. ನನ್ನ ಕೆಲಸ ಉಳಿಯಿತು, ನಿದ್ದೆ ಹೋಯಿತು. ಹನ್ನೊಂದೂವರೆಗೆ ಮಲಗಿದರೆ ಮೂರಕ್ಕೆ ಸರಿಯಾಗಿ ಎಚ್ಚರ. ಫೋನ್ ತೆಗೆದು ಮೇಲ್ ನೋಡೋದು, ಗೃಹಸಾಲದ ಕಂತಿನ ಲೆಕ್ಕ ಹಾಕೋದು, ಮತ್ತೆ ಮೇಲ್ ನೋಡೋದು. ಕೆಳಗೆ ರಸ್ತೆಯಲ್ಲಿ ಕ್ಯಾಬುಗಳು ನೈಟ್ ಶಿಫ್ಟಿನವರನ್ನು ಇಳಿಸುವ ಸದ್ದು. ಬೆಳಗಿನ ಮೊದಲ ಮೆಟ್ರೋ ಹೋಗುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಏಳಕ್ಕೆ ಅಲಾರಾಂ.

ನಮ್ಮದು ಹಳೆಯ ಬಾಸೆಲ್ ಮಿಷನ್ ಮನೆತನ. ಅಮ್ಮನಿಗೆ ಹೇಳಿದೆ. ‘ಚಿಂತೆ ಮಾಡ್ಬೇಡ ಮಗಾ, ಭಾರ ಎಲ್ಲ ದೇವರ ಮೇಲೆ ಹಾಕು’ ಅಂದರು. ಅಮ್ಮ ಹೇಳಿದರೆ ಬೇಜಾರಿಲ್ಲ. ಆದರೆ ಇಲ್ಲಿ ಒಂದು ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರು, ನಿದ್ದೆ ಬರೋದಿಲ್ಲ ಅಂದರೆ ವಿಶ್ವಾಸದಲ್ಲೇ ಏನೋ ಕೊರತೆ ಇದೆ ಅಂದುಬಿಟ್ಟರು. ಅವತ್ತಿನಿಂದ ಮೂರು ಗಂಟೆಗೆ ಎದ್ದಾಗ ಎರಡು ಚಿಂತೆ: ಕೆಲಸ ಹೋದರೆ ಏನು ಗತಿ ಅನ್ನೋದು ಒಂದು, ಈ ಚಿಂತೆ ಮಾಡ್ತಾ ಇರೋದೇ ಪಾಪವೇನೋ ಅನ್ನೋದು ಇನ್ನೊಂದು.

ಇಂಜಿನಿಯರ್ ಬುದ್ಧಿ ನೋಡಿ, ಏನಾದರೂ ಕೆಟ್ಟು ನಿಂತರೆ ಹಳೆಯ ಲಾಗ್ ತೆಗೆದು ಓದೋದು ಅಭ್ಯಾಸ. ‘ಚಿಂತೆ ಮಾಡಬೇಡ’ ಅನ್ನುವ ಈ ಕ್ರೈಸ್ತ ಮಾತು ಕನ್ನಡಕ್ಕೆ ಬಂದದ್ದು ಹೇಗೆ? ಅದನ್ನು ಹೇಳಿದವರು ಬರೀ ಹೇಳಿ ಕೈ ತೊಳೆದುಕೊಂಡರಾ, ಇನ್ನೇನಾದರೂ ಮಾಡಿದರಾ? ಇದನ್ನೇ ಹುಡುಕಿಕೊಂಡು ಹೋದೆ.

ಒಂದು ಪದದ ಕತೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅನ್ನುವ ಗಾದೆ ನಮಗೆಲ್ಲ ಗೊತ್ತು. ಚಿಂತೆಗೂ ನಿದ್ದೆಗೂ ಇರುವ ಹಗೆತನವನ್ನು ಕನ್ನಡದವರಿಗೆ ಯಾವ ಮಿಷನರಿಯೂ ಬಂದು ಕಲಿಸಬೇಕಾಗಿರಲಿಲ್ಲ. ‘ಚಿಂತೆ’ಯ ಮೂಲವಾದ ಸಂಸ್ಕೃತದ ‘ಚಿಂತಾ’ಗೆ ಯೋಚನೆ ಅನ್ನುವ ಅರ್ಥವೂ ಇದೆ, ಕಳವಳ ಅನ್ನುವ ಅರ್ಥವೂ ಇದೆ. ‘ಚಿಂತನೆ’ ಅಂದರೆ ಗೌರವ, ‘ಚಿಂತೆ’ ಅಂದರೆ ರೋಗ, ಬೇರು ಮಾತ್ರ ಒಂದೇ. ರಾತ್ರಿ ಮೂರರ ಹೊತ್ತಿನ ತೊಂದರೆಯೇ ಇದು. ನಾವು ಯೋಚನೆ ಮಾಡ್ತಾ ಇದ್ದೇವೆ ಅಂದುಕೊಂಡಿರುತ್ತೇವೆ, ಆದರೆ ಸುತ್ತಿದ ಜಾಗದಲ್ಲೇ ಸುತ್ತುತ್ತಿರುತ್ತೇವೆ. ಬಗ್ ಸಿಗದೆ ಓಡುತ್ತಲೇ ಇರುವ ಲೂಪ್ ಥರ.

ಬೈಬಲನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸ ಮೊದಲು ನಡೆದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ವರ್ಷಗಟ್ಟಲೆ ಅದರಲ್ಲೇ ತೊಡಗಿದ್ದರು. ನಾವಿರುವ ಹೈದರಾಬಾದಿಗೂ ಇದಕ್ಕೂ ಸಣ್ಣ ನಂಟಿದೆ. ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟದ್ದು ಇಲ್ಲಿನ ನಿಜಾಮರೇ, 1800ರಲ್ಲಿ.

ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ ಹೇಳುವುದು ಎರಡು ವಿಷಯ ಹಿಡಿದು, ಊಟ ಮತ್ತು ಬಟ್ಟೆ. ಬಿತ್ತದ, ಕೊಯ್ಯದ ಹಕ್ಕಿಗಳಿಗೂ ಊಟ ಸಿಗುತ್ತದೆ, ನೂಲದ ಹೂವಿಗೂ ಅಂದದ ಉಡುಗೆ ಇದೆ, ನಾಳೆಯ ಪಾಡನ್ನು ನಾಳೆಗೇ ಬಿಡಿ ಅನ್ನುವುದು ಅದರ ಸಾರ. 1611ರ ಇಂಗ್ಲಿಷ್ ಅನುವಾದದಲ್ಲಿ ಈ ಜಾಗದಲ್ಲಿ ‘ಯೋಚನೆ’ಗೆ ಇರುವ ಪದವನ್ನೇ ಹಾಕಿದ್ದಾರೆ. ಅಲ್ಲೂ ಅದೇ ಗೊಂದಲ.

ಇದನ್ನು ಕೇಳಿದ ಕನ್ನಡಿಗರಿಗೆ ಹೊಸದು ಅನ್ನಿಸಿರಲಿಕ್ಕಿಲ್ಲ. ಮನಸ್ಸೇ ತಲ್ಲಣಿಸಬೇಡ, ಬೆಟ್ಟದ ಮೇಲಿನ ಮರವನ್ನೂ ಕಲ್ಲೊಳಗಿನ ಕಪ್ಪೆಯನ್ನೂ ಕಾಯುವವನು ನಿನ್ನನ್ನೂ ಕಾಯುತ್ತಾನೆ ಅಂತ ಕನಕದಾಸರು ಅದಾಗಲೇ ಹಾಡಿದ್ದರು. ಜುಲೈ 1ರಂದು ಪತ್ರಿಕಾ ದಿನ ಅಂತ ನಾವು ಯಾರನ್ನು ನೆನೆಯುತ್ತೇವೋ, 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಆ ಹರ್ಮನ್ ಮೋಗ್ಲಿಂಗ್, 1850ರ ಹೊತ್ತಿಗೆ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ತಮ್ಮ ಧರ್ಮವನ್ನು ಸಾರಲು ಬಂದ ಮನುಷ್ಯ ದಾಸರನ್ನು ಅಚ್ಚು ಮಾಡಿಸಿದ್ದು ನನಗಂತೂ ಬಹಳ ಇಷ್ಟದ ಸಂಗತಿ.

ಮಾತು ಸರಿ, ಊಟಕ್ಕೇನು?

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಎರಡು ವರ್ಷದ ನಂತರ ಮೋಗ್ಲಿಂಗ್ ಬಂದರು. ಅವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯವರು, ರೈತರ ಮತ್ತು ಕುಶಲಕರ್ಮಿಗಳ ಮನೆಯ ಮಕ್ಕಳೂ ಅವರಲ್ಲಿ ಇದ್ದರು.

ಅವರ ಮಾತು ಕೇಳಿ ದೀಕ್ಷಾಸ್ನಾನ ಪಡೆದವರ ಪಾಡು ಏನಾಯ್ತು? 1844ರ ಜನವರಿಯಲ್ಲಿ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯ ಸಾರಸ್ವತ ಬ್ರಾಹ್ಮಣ ಯುವಕ. ಮನೆ, ಜಾತಿ ಎರಡೂ ಕೈಬಿಟ್ಟವು. ಹೆಂಡತಿ ಜೊತೆಗೆ ಬರಲಿಲ್ಲ. ಮುಂದೆ ಅವರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಕೊಡಗಿನ ಆನಂದಪುರಕ್ಕೆ ಅವರದೇ ಹೆಸರು.

ಕೌಂಡಿನ್ಯರಿಗೆ ವಿದ್ಯೆಯಾದರೂ ಇತ್ತು. ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ದೊಡ್ಡ ಪಾಲು ಬಿಲ್ಲವರು. ಗೇಣಿಗೆ ಹಿಡಿದ ಗದ್ದೆ ಧಣಿಯ ಕೈಯಲ್ಲಿ, ಆತ ಬಿಡಿಸಿದರೆ ಮುಗಿಯಿತು. ಶೇಂದಿ ಇಳಿಸುವ ಕಸುಬನ್ನು ಮಿಷನ್ನೇ ಒಪ್ಪುತ್ತಿರಲಿಲ್ಲ. ಅಂದರೆ ಹೊಸ ಧರ್ಮಕ್ಕೆ ಬಂದ ದಿನವೇ ನೆಲವೂ ಹೋಗಬಹುದು, ಕಸುಬೂ ಹೋಗಬಹುದು, ಕೂಡಿ ಉಣ್ಣುವ ಬಂಧುಗಳೂ ಹೋಗಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ನೋಟಿಸ್ ಪೀರಿಯಡ್ ಇಲ್ಲದ ಲೇಆಫ್, ಜೊತೆಗೆ ಊರೇ ಬ್ಲಾಕ್ ಮಾಡಿದ ಹಾಗೆ. ಅಂಥವರ ಎದುರು ನಿಂತು, ಏನು ಉಣ್ಣೋದು, ಏನು ಉಡೋದು ಅಂತ ಚಿಂತೆ ಮಾಡಬೇಡಿ ಅಂತ ಓದುವುದು ಸುಲಭವಲ್ಲ. ಓದಿ ಸುಮ್ಮನಿದ್ದರೆ ಅದು ಕ್ರೌರ್ಯ.

ಮಿಷನ್ ಸುಮ್ಮನಿರಲಿಲ್ಲ. ವ್ಯವಸಾಯ ಮಾಡಿಸಿ ನೋಡಿದರು, ಬೇರೆ ಕೈಕೆಲಸಗಳನ್ನು ಕಲಿಸಿ ನೋಡಿದರು. ಕೆಲವು ಕೈಗೂಡಲಿಲ್ಲ. 1851ರಲ್ಲಿ ನೇಕಾರ ಹಾಲರ್ ಬಂದ ಮೇಲೆ ಮಂಗಳೂರಿನಲ್ಲಿ ಮಗ್ಗದ ಕೆಲಸ ಗಟ್ಟಿಯಾಗಿ ನೆಲೆ ನಿಂತಿತು. ಖಾಕಿ ಬಟ್ಟೆಯ ಬಣ್ಣದ ಕತೆಯನ್ನು ಬಲ್ಮಠದ ಈ ನೇಯ್ಗೆ ಶಾಲೆಯ ಜೊತೆ ಸೇರಿಸಿ ಹೇಳುವುದುಂಟು. 1865ರಲ್ಲಿ ಪ್ಲೆಬ್ಸ್ಟ್ ಅವರು ನೇತ್ರಾವತಿ ಬದಿಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆಯ ದಂಡೆಯ ಆವೆಮಣ್ಣು ಇತ್ತು, ಸುಡಲು ಸೌದೆ ಇತ್ತು, ದೋಣಿಯಲ್ಲಿ ಸಾಗಿಸಲು ನೀರಿನ ದಾರಿ ಇತ್ತು. ಅಲ್ಲಿಂದಲೇ ‘ಮಂಗಳೂರು ಹಂಚು’ ಊರೂರಿಗೆ ಹೋಯಿತು. ಅಚ್ಚುಕೂಟ 1841ರಿಂದಲೇ ಇತ್ತು. 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾದದ್ದು ಅಲ್ಲೇ.

ಇದನ್ನು ನಾವು ಸಾಮಾನ್ಯವಾಗಿ ಉದ್ಯಮದ ಚರಿತ್ರೆ ಅಂತ ಓದುತ್ತೇವೆ. ನಿದ್ದೆಗೆಟ್ಟು ಓದಿದಾಗ ನನಗೆ ಇದು ಮತ್ತಾಯನ ಆರನೇ ಅಧ್ಯಾಯಕ್ಕೆ ಬರೆದ ಟಿಪ್ಪಣಿಯ ಹಾಗೆ ಕಂಡಿತು. ಉಡೋದಕ್ಕೆ ಏನು ಅನ್ನುವ ಚಿಂತೆಗೆ ಮಗ್ಗ, ತಲೆಯ ಮೇಲೆ ಸೂರಿಗೆ ಹಂಚು, ಉಣ್ಣೋದಕ್ಕೆ ವಾರದ ಕೂಲಿ.

ಎಲ್ಲ ಚಿನ್ನ ಅಂತ ನಾನು ಹೇಳೋದಿಲ್ಲ. ಆರಾಧನೆ, ಮನೆ, ಕೂಲಿ ಮೂರೂ ಒಂದೇ ಕೈಯಲ್ಲಿದ್ದರೆ ಆ ಕೈಯ ಭಯವೂ ಹುಟ್ಟುತ್ತದೆ. ಭಾನುವಾರದ ಪಾದ್ರಿಯೂ ಸೋಮವಾರದ ಮೇಲ್ವಿಚಾರಕನೂ ಒಂದೇ ಸಂಸ್ಥೆಯವರಾದರೆ ಮನಸ್ಸು ಬಿಚ್ಚಿ ಮಾತಾಡೋದು ಹೇಗೆ? ಆಫೀಸಿನ ಎಚ್‌ಆರ್ ಹತ್ತಿರ ಹೋಗಿ ನನಗೆ ನಿದ್ದೆ ಬರ್ತಾ ಇಲ್ಲ ಅಂತ ನಾವು ಹೇಳ್ತೇವಾ? ಹಾಗೇ ಅದು.

ದಿನವನ್ನು ಮುಚ್ಚುವ ಕ್ರಮ

ಎರಡನೆಯದು ಸಂಜೆಯ ಪ್ರಾರ್ಥನೆ. ನಮ್ಮಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅವರು ಕೆಲಸದಿಂದ ಬಂದು ಕೈಕಾಲು ತೊಳೆದು ಊಟ ಆದ ಮೇಲೆ ಎಲ್ಲರೂ ಚಾಪೆಯ ಮೇಲೆ ಕೂರಬೇಕು. ಒಂದು ಕನ್ನಡ ಗೀತೆ, ಒಂದು ಕೀರ್ತನೆಯ ಓದು, ಒಂದು ಪ್ರಾರ್ಥನೆ. ಹದಿನೈದು ನಿಮಿಷ. ನಾವು ಮಕ್ಕಳು ಅರ್ಧದಲ್ಲೇ ತೂಕಡಿಸುತ್ತಿದ್ದೆವು, ಯಾರೂ ಎಬ್ಬಿಸುತ್ತಿರಲಿಲ್ಲ. ಪ್ರಾರ್ಥನೆ ಆದ ಮೇಲೆ ದುಡ್ಡಿನ ಮಾತು, ಜಗಳದ ಮಾತು ಎತ್ತಬಾರದು ಅನ್ನೋದು ಅಜ್ಜಿಯ ಕಾನೂನು. ಮಾತೇನಿದ್ದರೂ ಬೆಳಿಗ್ಗೆ.

ಈ ಪದ್ಧತಿಯ ಬೇರು ಹಿಂದಕ್ಕೆ ಹೋಗುತ್ತದೆ. ಮಾರ್ಟಿನ್ ಲೂಥರ್ 1529ರಲ್ಲಿ ಮನೆಮಂದಿಗೆ ಅಂತ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ರಾತ್ರಿಯ ಪ್ರಾರ್ಥನೆ ಕೊಟ್ಟು, ಇದಾದ ಮೇಲೆ ತಡಮಾಡದೆ ಸಂತೋಷದಿಂದ ನಿದ್ದೆ ಹೋಗಿ ಅನ್ನುವ ಅರ್ಥದ ಸೂಚನೆಯನ್ನೂ ಸೇರಿಸಿದ. ಪ್ರಾರ್ಥನೆಯನ್ನು ಇನ್ನೂ ಉದ್ದ ಮಾಡಿ ಅಂತ ಅಲ್ಲ, ಇನ್ನು ಸಾಕು, ಮಲಗಿ ಅಂತ. ದಿನಕ್ಕೊಂದು ಕೊನೆ ಇರಬೇಕು ಅನ್ನುವುದು ಅದರ ಒಳಗಿನ ವಿಚಾರ. ನಮ್ಮ ದಿನಕ್ಕೆ ಈಗ ಕೊನೆಯೇ ಇಲ್ಲ, ಅಮೆರಿಕದವರು ಎದ್ದಾಗ ನಮ್ಮ ಎರಡನೇ ದಿನ ಶುರು.

ಹಾಗಂತ ಲೂಥರ್ ನಿಶ್ಚಿಂತ ಮನುಷ್ಯ ಆಗಿರಲಿಲ್ಲ. ಜೀವನವಿಡೀ ಕಳವಳ, ಮಂಕು ಅವನನ್ನು ಕಾಡಿದವು. ಮಂಕು ಕವಿದ ಒಬ್ಬ ಯುವಕನಿಗೆ 1530ರಲ್ಲಿ ಬರೆದ ಕಾಗದದಲ್ಲಿ ಅವನು ಕೊಟ್ಟ ಸಲಹೆ, ಒಂಟಿಯಾಗಿರಬೇಡ, ಜನರ ಜೊತೆ ಕೂತು ಉಣ್ಣು, ಕುಡಿ, ನಗು ಅನ್ನುವುದು. ಇನ್ನೊಂದು ಕಾಗದ ನನಗೆ ಬಹಳ ಹತ್ತಿರದ್ದು. 1546ರ ಫೆಬ್ರವರಿ 10ರಂದು ಐಸ್ಲೇಬೆನ್ ಊರಿನಿಂದ ಹೆಂಡತಿ ಕಟರೀನಾಳಿಗೆ ಬರೆದದ್ದು. ಗಂಡ ಚಳಿಗಾಲದಲ್ಲಿ, ಕೆಟ್ಟ ಆರೋಗ್ಯದಲ್ಲಿ ಪ್ರಯಾಣ ಹೋಗಿದ್ದಾನೆ ಅಂತ ಆಕೆಗೆ ನಿದ್ದೆಯಿಲ್ಲ. ಅವನು ತಮಾಷೆ ಮಾಡುತ್ತಾನೆ: ನೀನು ಚಿಂತೆ ಶುರು ಮಾಡಿದ ಮೇಲೆ ನಮ್ಮ ಕೋಣೆಯ ಬಾಗಿಲ ಬಳಿ ಬೆಂಕಿ ಬಿತ್ತು, ನಿನ್ನೆ ಒಂದು ಕಲ್ಲು ನನ್ನ ತಲೆಯ ಮೇಲೆ ಬೀಳುವುದರಲ್ಲಿತ್ತು, ನೀನು ಹೀಗೇ ಮುಂದುವರಿಸಿದರೆ ಭೂಮಿಯೇ ಬಾಯಿ ಬಿಟ್ಟೀತು. ನನ್ನನ್ನು ನೋಡಿಕೊಳ್ಳೋಕೆ ನಿನಗಿಂತ ದೊಡ್ಡವನು ಒಬ್ಬನಿದ್ದಾನೆ, ಅವನಿಗೆ ಬಿಡು ಅನ್ನುವುದು ಕೊನೆಯ ಮಾತು.

ಎಂಟು ದಿನ ಆದ ಮೇಲೆ, ಫೆಬ್ರವರಿ 18ರಂದು, ಲೂಥರ್ ಅದೇ ಊರಿನಲ್ಲಿ ತೀರಿಕೊಂಡ. ಕಟರೀನಾಳ ಚಿಂತೆ ಸುಳ್ಳಾಗಿರಲಿಲ್ಲ.

ಈ ಭಾಗವನ್ನು ಪ್ರಸಂಗದಲ್ಲಿ ಯಾರೂ ಹೇಳೋದಿಲ್ಲ. ಹೇಳಬೇಕು. ದೇವರ ಮೇಲೆ ಭಾರ ಹಾಕಿದರೆ ಹೆದರಿದ್ದು ನಡೆಯೋದೇ ಇಲ್ಲ ಅನ್ನುವ ಗ್ಯಾರಂಟಿ ಈ ಪರಂಪರೆಯಲ್ಲಿ ಇಲ್ಲ. ನಡೆದರೂ ನೀನು ಒಬ್ಬನೇ ಇರೋದಿಲ್ಲ ಅನ್ನುವುದಷ್ಟೇ ಇದೆ. ರಾತ್ರಿ ಎಚ್ಚರ ಇದ್ದು ಕಾವಲು ಕಾದರೆ ಬರುವುದನ್ನು ತಡೆಯಬಹುದು ಅಂತ ನಾವು ಒಳಗೊಳಗೇ ನಂಬಿರುತ್ತೇವಲ್ಲ, ಆ ನಂಬಿಕೆಯನ್ನು ಬಿಡು ಅನ್ನುವುದಷ್ಟೇ ಅದರ ಸಾರ.

1914ರ ರಾತ್ರಿಗಳು

ಮಂಗಳೂರಿನವರಿಗೆ ಇದರ ಪರೀಕ್ಷೆ ಮೊದಲ ಮಹಾಯುದ್ಧದಲ್ಲಿ ಆಯಿತು. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರಕ್ಕೆ ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನ ಶಿಬಿರಗಳಿಗೆ ಕಳಿಸಿದರು, ಆಮೇಲೆ ದೇಶದಿಂದಲೇ ಹೊರಗೆ. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಹೊಸ ಕಂಪನಿಗೆ ಸೇರಿದವು.

ಅಕ್ವಿಸಿಷನ್ ಅಂದರೆ ಏನು ಅಂತ ನಮಗೆ ಗೊತ್ತು. ಆ ಒಂದು ಮೇಲ್ ಬಂದ ರಾತ್ರಿ ಯಾರಿಗೂ ನಿದ್ದೆ ಬರೋದಿಲ್ಲ. ಆಗ ಮಂಗಳೂರಿನಲ್ಲಿ ಮೂರನೇ ತಲೆಮಾರು ಮಗ್ಗ, ಹಂಚು, ಅಚ್ಚುಕೂಟಗಳನ್ನು ನಂಬಿ ಬದುಕುತ್ತಿತ್ತು. ಪಾದ್ರಿ, ಧಣಿ, ಮೇಷ್ಟ್ರು ಎಲ್ಲ ಒಟ್ಟಿಗೆ ಇಲ್ಲವಾದರು. ಉಳಿದದ್ದು ಏನು? ಕನ್ನಡದ ಗೀತೆಗಳು ಉಳಿದವು, ಊರಿನ ಬೋಧಕರು, ಹಿರಿಯರು ಉಳಿದರು, ಚಾಪೆಯ ಮೇಲಿನ ಆ ಹದಿನೈದು ನಿಮಿಷ ಉಳಿಯಿತು. ವಿದೇಶಿಯರು ಇಲ್ಲದೆಯೂ ಸಭೆಗಳು ನಡೆದವು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟುವ ಹೊತ್ತಿಗೆ ತಮ್ಮ ಕಾಲ ಮೇಲೆ ನಿಲ್ಲುವುದನ್ನು ಅವರು ಕಲಿತಿದ್ದರು.

ಕೆಲಸ ಕೊಟ್ಟ ಕೈ ಒಂದು ದಿನ ಹೋಗಬಹುದು. ಅಕ್ಕಪಕ್ಕ ಕೂತವರು ಇದ್ದರೆ ರಾತ್ರಿ ಕಳೆಯುತ್ತದೆ. ನಾನು ಕಲಿತ ದೊಡ್ಡ ಪಾಠ ಇದು.

ನಿದ್ದೆ ಬರದಿರೋದು ಪಾಪವಾ?

ಈಗ ಆ ಹಿರಿಯರ ಮಾತಿಗೆ ಬರ್ತೇನೆ. ಬೈಬಲನ್ನೇ ತೆಗೆದು ನೋಡಿದೆ. ಕೀರ್ತನೆಗಳ ಪುಸ್ತಕದಲ್ಲಿ ಹಾಯಾಗಿ ಮಲಗುವವನ ಹಾಡು ಇದೆ, ನಿಜ. ಆದರೆ ಆರನೆಯದರಲ್ಲಿ ಹಾಸಿಗೆ ತೋಯುವಷ್ಟು ಅಳುವವನಿದ್ದಾನೆ, ಎಪ್ಪತ್ತೇಳನೆಯದರಲ್ಲಿ ಕಣ್ಣು ಮುಚ್ಚಲಾಗದೆ ಒದ್ದಾಡುವವನಿದ್ದಾನೆ, ಎಂಬತ್ತೆಂಟನೆಯದು ಕತ್ತಲಲ್ಲೇ ಮುಗಿಯುತ್ತದೆ. ಅವರನ್ನು ಯಾರೂ ಪುಸ್ತಕದಿಂದ ಹೊರಗೆ ಹಾಕಲಿಲ್ಲ. ಬಿರುಗಾಳಿಯಲ್ಲಿ ದೋಣಿಯ ಹಿಂಭಾಗದಲ್ಲಿ ಮಲಗಿದ್ದ ಯೇಸುವೇ ಗೆತ್ಸೇಮನೆ ತೋಟದಲ್ಲಿ ಕಳವಳದಿಂದ ಎಚ್ಚರವಾಗಿದ್ದ, ಜೊತೆಗಾರರಿಗೆ ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡಿದ್ದ. ಪ್ರವಾದಿ ಎಲೀಯ ಸಾಕಾಗಿ ಹೋಗಿ ಸಾಯಬೇಕು ಅಂತ ಮರದ ಕೆಳಗೆ ಮಲಗಿದಾಗ ಬಂದ ದೇವದೂತ ಉಪದೇಶ ಮಾಡಲಿಲ್ಲ. ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಉಣ್ಣಿಸಿದ.

ವೈದ್ಯರ ಹತ್ತಿರ ಹೋಗೋದು ವಿಶ್ವಾಸದ ಕೊರತೆ ಅನ್ನುವ ಮಾತಿಗೂ ಇಲ್ಲಿನ ಕ್ರೈಸ್ತ ಚರಿತ್ರೆಯಲ್ಲಿ ಆಧಾರ ಕಡಿಮೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಮರದ ಕೆಳಗೆ ಔಷಧಿ ಕೊಡಲು ಶುರು ಮಾಡಿದ್ದು ಇಂದು ದೊಡ್ಡ ಆಸ್ಪತ್ರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1957ರಲ್ಲಿ ಮಾನಸಿಕ ಆರೋಗ್ಯ ಕೇಂದ್ರ ತೆರೆದಾಗ, ರೋಗಿಯ ಜೊತೆ ಮನೆಯವರೂ ಬಂದು ಉಳಿದು ಆರೈಕೆಯಲ್ಲಿ ಸೇರುವ ಪದ್ಧತಿ ತಂದಿತು. ಒಬ್ಬನೇ ಬಿಡಬಾರದು ಅನ್ನುವ ಅದೇ ಹಳೆಯ ವಿಚಾರ, ಆಸ್ಪತ್ರೆಯ ರೂಪದಲ್ಲಿ.

ಕೊನೆಗೆ ನಾನು ಏನು ಮಾಡಿದೆ

ವೈದ್ಯರನ್ನು ಕಂಡೆ. ಅವರು ಮೊದಲು ಮಾತ್ರೆ ಬರೆಯಲಿಲ್ಲ, ಸಿಬಿಟಿ-ಐ ಅನ್ನುವ ಕ್ರಮ ಹೇಳಿದರು. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಇದನ್ನೇ ಮಾಡಿ ಅಂತ ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲೇ ಹೇಳಿದೆ. ದಿನಾ ಒಂದೇ ಹೊತ್ತಿಗೆ ಏಳೋದು, ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬೇರೆ ಕಡೆ ಕೂರೋದು, ಚಿಂತೆಗಳನ್ನು ಸಂಜೆಯೇ ಹಾಳೆಯಲ್ಲಿ ಬರೆದಿಡೋದು. ಆ ಕೊನೆಯದನ್ನು ಕೇಳಿದಾಗ ನಗು ಬಂತು. ಮಾತೇನಿದ್ದರೂ ಬೆಳಿಗ್ಗೆ ಅಂತ ಅಜ್ಜಿ ಹೇಳುತ್ತಿದ್ದುದು ಇದನ್ನೇ ಅಲ್ವಾ?

ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಬರುತ್ತೇನೆ. ಹತ್ತೂವರೆಗೆ ನಾನೂ ಹೆಂಡತಿಯೂ ಮಗಳೂ ನೆಲದ ಮೇಲೆ ಕೂತು ಒಂದು ಗೀತೆ ಹಾಡುತ್ತೇವೆ. ಮಗಳು ಕನ್ನಡವನ್ನು ತೆಲುಗಿನ ರಾಗದಲ್ಲಿ ಹೇಳುತ್ತಾಳೆ, ಇರಲಿ. ಆರು ವಾರದ ಹೊತ್ತಿಗೆ ಮೂರು ಗಂಟೆಯ ಎಚ್ಚರ ವಾರಕ್ಕೆ ಒಂದೋ ಎರಡೋ ಸಲಕ್ಕೆ ಇಳಿಯಿತು. ಪೂರ್ತಿ ಹೋಗಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಅವತ್ತು ಕೆಲಸ ಕಳೆದುಕೊಂಡ ನಾಲ್ವರಲ್ಲಿ ಒಬ್ಬ ದಾವಣಗೆರೆಯ ಹುಡುಗ. ಐದು ತಿಂಗಳು ನಾನು ಅವನಿಗೆ ಫೋನ್ ಮಾಡಿರಲಿಲ್ಲ, ಏನು ಮಾತಾಡೋದು ಅಂತ ಮುಜುಗರ. ಮಂಗಳೂರಿನ ಈ ಚರಿತ್ರೆ ಓದಿದ ಮೇಲೆ ಫೋನ್ ಮಾಡಿದೆ. ‘ಅಣ್ಣಾ, ನೀವಾದ್ರೂ ಮಾಡಿದ್ರಲ್ಲ’ ಅಂದ. ಮನೆಗೆ ಊಟಕ್ಕೆ ಕರೆದೆ, ಅವನ ರೆಸ್ಯೂಮೆ ನಾಲ್ಕು ಕಡೆ ಕಳಿಸಿದೆ. ಒಂದು ಕಡೆ ಕೂಡಿ ಬಂತು. ಚಿಂತೆ ಮಾಡಬೇಡ ಅನ್ನುವ ಮಾತನ್ನು ಅವನಿಗೆ ನಾನು ಹೇಳಲಿಲ್ಲ. ಅವತ್ತು ರಾತ್ರಿ ನನಗಂತೂ ಚೆನ್ನಾಗಿ ನಿದ್ದೆ ಬಂತು.

ನೀವು ಯಾವ ದೇವರನ್ನು ನಂಬಿದರೂ, ನಂಬದಿದ್ದರೂ, ನಿಮ್ಮ ಟೀಮಿನಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂಥ ಒಬ್ಬರು ಇದ್ದೇ ಇರುತ್ತಾರೆ. ಇವತ್ತೇ ಒಂದು ಫೋನ್ ಮಾಡಿ. ನಿಮಗೇ ವಾರಗಟ್ಟಲೆ ನಿದ್ದೆ ಇಲ್ಲ, ಬದುಕು ಬೇಡ ಅನ್ನಿಸ್ತಾ ಇದೆ ಅಂದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ದುಡ್ಡು ಇಲ್ಲ. ರಾತ್ರಿ ಮೂರಕ್ಕೂ ಆ ಕಡೆಯಿಂದ ಒಬ್ಬರು ಮಾತಾಡುತ್ತಾರೆ.

ಮುಂದಿನ ವಾರ ಸಿಗೋಣ. ಈಗ ಹತ್ತೂಕಾಲು, ಫೋನ್ ಇಡುವ ಹೊತ್ತು. ಶುಭರಾತ್ರಿ.